ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ನೂರು ವರ್ಷ ಬಾಳುತ್ತಾ? ಯಾವ ಎಣ್ಣೆ ಸರಿ, ಯಾವುದು ತಪ್ಪು, ಯಾವುದು ಅಪಾಯ

"ಹಳೇ ಬಾಗಿಲು, ಕಂಬಕ್ಕೆ ವರ್ಷಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ. ನೂರು ವರ್ಷ ಗೆದ್ದಲು ಹತ್ತಿರ ಸುಳಿಯಲ್ಲ. ಪಾಲಿಶ್ ಮಾರುವವರು ಇದನ್ನು ನಿಮಗೆ ಹೇಳಲ್ಲ. ಹತ್ತು ಜನರಿಗೆ ಕಳಿಸಿ."

ಇಂಥದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ, ಕೆಲವದರಲ್ಲಿ ಬೇವಿನ ಎಣ್ಣೆ, ಇನ್ನು ಕೆಲವದರಲ್ಲಿ ಗ್ಯಾರೇಜಿನ ವೇಸ್ಟ್ ಆಯಿಲ್. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, "ನಮ್ಮ ತಾತನ ಕಾಲದ ತೊಟ್ಟಿ ಮನೆಯ ಕಂಬ, ಬಾಗಿಲುವಾಡ ಉಳಿಸಿಕೊಳ್ಳಬೇಕು. ಇದನ್ನು ನಂಬಿ ಮಾಡಬಹುದಾ?" ಎಂದು ಕೇಳಿದ್ದಾರೆ.

ಮರಕ್ಕೆ ಎಣ್ಣೆ ಕುಡಿಸುವುದು ನಿಜವಾದ ವಿದ್ಯೆ, ಮೂಢನಂಬಿಕೆಯಲ್ಲ. ಆದರೆ ಎಲ್ಲ ಎಣ್ಣೆಯೂ ಆ ಕೆಲಸಕ್ಕೆ ಬರುವುದಿಲ್ಲ. ಸರಿಯಾದ ಎಣ್ಣೆಯಲ್ಲೂ ಫಾರ್ವರ್ಡ್‌ಗಳು ಹೇಳದ ಒಂದು ಅಪಾಯ ಇದೆ. ಎಣ್ಣೆ ಒರೆಸಿದ ಬಟ್ಟೆ ಬೆಂಕಿ ಕಡ್ಡಿ ಗೀರದೆಯೇ ತಾನಾಗಿ ಹೊತ್ತಿಕೊಳ್ಳಬಲ್ಲದು.

ಚುಟುಕಾಗಿ ಹೇಳುವುದಾದರೆ

- ಕೊಬ್ಬರಿ ಎಣ್ಣೆ ಮರದ ಮೇಲೆ ಒಣಗುವುದಿಲ್ಲ. ಕೆಲ ದಿನ ಹೊಳಪು ಕೊಡುತ್ತದೆ, ಆಮೇಲೆ ಧೂಳು ಹಿಡಿಯುತ್ತದೆ.
- ಮರದೊಳಗೆ ಇಳಿದು ಗಟ್ಟಿಯಾಗುವುದು ಅಗಸೆ ಎಣ್ಣೆಯಂಥ 'ಒಣಗುವ ಎಣ್ಣೆ' ಮಾತ್ರ.
- ಯಾವ ಎಣ್ಣೆಯೂ ಒಂದೇ ಗೆದ್ದಲನ್ನು ವರ್ಷಗಟ್ಟಲೆ ತಡೆಯುವುದಿಲ್ಲ.
- ವೇಸ್ಟ್ ಆಯಿಲ್ ಮನೆಯ ಮರಕ್ಕೆ ಬೇಡವೇ ಬೇಡ.
- ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿ.

ಮರ ಎಣ್ಣೆ ಕುಡಿಯುವುದು ಹೇಗೆ?

ಮರವನ್ನು ಬಿಗಿಯಾಗಿ ಕಟ್ಟಿದ ಭತ್ತದ ಹುಲ್ಲಿನ ಕಂತೆ ಎಂದುಕೊಳ್ಳಿ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸಿದ ಸಣ್ಣ ಸಣ್ಣ ಕೊಳವೆಗಳು ಅದರ ಉದ್ದಕ್ಕೂ ಇರುತ್ತವೆ. ಹಲಗೆಯ ಅಗಲದ ಮೈಗೆ ಎಣ್ಣೆ ಹಚ್ಚಿದರೆ ಅದು ಕೊಳವೆಗಳ ಪಕ್ಕದ ಗೋಡೆಗೆ ಹಚ್ಚಿದಂತೆ. ಒಳಗೆ ಇಳಿಯುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಹಲಗೆಯ ಕೊಯ್ದ ತುದಿಗೆ ಹಚ್ಚಿದರೆ ಕೊಳವೆಯ ಬಾಯಿಗೇ ಸುರಿದಂತೆ, ಅಲ್ಲಿ ಹೀರಿಕೊಳ್ಳುತ್ತಲೇ ಹೋಗುತ್ತದೆ. ಬಾಗಿಲಿನ ಕೆಳತುದಿ, ಕಂಬದ ಬುಡ, ಕಿಟಕಿ ಚೌಕಟ್ಟಿನ ಕೂಡು ಮೊದಲು ಕೊಳೆಯುವುದೂ ಇದೇ ಕಾರಣಕ್ಕೆ. ನೀರು ಕುಡಿಯುವುದೂ ಅಲ್ಲಿಂದಲೇ.

ವಾರ್ನಿಶ್, ಅರಗಿನ ಪಾಲಿಶ್, ಬಣ್ಣ ಇವೆಲ್ಲ ಮರದ ಮೇಲೆ ಕೂರುವ ಪದರಗಳು. ಹುಲಿಯೂರುದುರ್ಗಕ್ಕೆ ದೂರವಲ್ಲದ ಚನ್ನಪಟ್ಟಣದ ಬೊಂಬೆಗಳನ್ನು ನೋಡಿ. ಹಾಲೆ ಮರದ ತುಂಡನ್ನು ಕಡೆಯುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮೇಲೆ ಪದರವಾಗಿ ಕೂರುತ್ತದೆ. ಅದು ಮೇಲ್ಮೈಯ ಮೆರುಗು. ಎಣ್ಣೆಯ ಕೆಲಸ ಬೇರೆ. ಅದು ಮೇಲೆ ಕೂರದೆ ಮರದ ಮೇಲ್ಪದರದೊಳಗೇ ಇಳಿದು ಗಟ್ಟಿಯಾಗಬೇಕು. ಆಗ ನೀರು ತಕ್ಷಣ ಇಂಗುವುದಿಲ್ಲ, ಮರದ ಗೆರೆ ಎದ್ದು ಕಾಣುತ್ತದೆ, ಪದರ ಸುಲಿದು ಬರುವ ಮಾತೇ ಇರುವುದಿಲ್ಲ. ಸವೆದಾಗ ಪೂರ್ತಿ ಕೆರೆದು ತೆಗೆಯಬೇಕಿಲ್ಲ, ಮತ್ತೊಂದು ಕೈ ಹಚ್ಚಿದರೆ ಸಾಕು.

'ಒಣಗುವ ಎಣ್ಣೆ' ಅಂದರೇನು?

ಒದ್ದೆ ಬಟ್ಟೆ ಒಣಗುವುದು ನೀರು ಆವಿಯಾಗಿ ಹೋಗುವುದರಿಂದ. ಎಣ್ಣೆ ಹಾಗೆ ಆವಿಯಾಗುವುದಿಲ್ಲ. ಅಗಸೆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತಾಗುತ್ತವೆ. ದ್ರವವಾಗಿದ್ದದ್ದು ರಬ್ಬರಿನಂಥ ಘನವಾಗುತ್ತದೆ. ಹಾಗಾಗಿ ಒಣಗಿದ ಅಗಸೆ ಎಣ್ಣೆಯ ತೂಕ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚಾಗುತ್ತದೆ.

ಈ ಕೊಂಡಿ ಬೀಳಲು ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧಗಳು ಇರಬೇಕು. ಅವು ಎಷ್ಟಿವೆ ಎಂದು ಅಳೆಯುವ ಲೆಕ್ಕಕ್ಕೆ ಅಯೋಡಿನ್ ಸಂಖ್ಯೆ ಎನ್ನುತ್ತಾರೆ. ಸಂಖ್ಯೆ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ನಮ್ಮ ಅಡುಗೆಮನೆ, ಹಿತ್ತಲು, ಗಾಣದಲ್ಲಿ ಸಿಗುವ ಎಣ್ಣೆಗಳ ಅಂದಾಜು ಲೆಕ್ಕ ಹೀಗಿದೆ.

- ಕೊಬ್ಬರಿ ಎಣ್ಣೆ: ಸುಮಾರು 7ರಿಂದ 10. ಒಣಗುವುದೇ ಇಲ್ಲ.
- ಬೇವಿನ ಎಣ್ಣೆ: ಸುಮಾರು 65ರಿಂದ 80. ಒಣಗುವುದಿಲ್ಲ.
- ಹರಳೆಣ್ಣೆ: ಸುಮಾರು 82ರಿಂದ 90. ಒಣಗುವುದಿಲ್ಲ.
- ಕಡಲೆಕಾಯಿ ಎಣ್ಣೆ: ಸುಮಾರು 85ರಿಂದ 100. ಒಣಗುವುದಿಲ್ಲ, ಕಮಟು ವಾಸನೆ ಬರುತ್ತದೆ.
- ಎಳ್ಳೆಣ್ಣೆ: ಸುಮಾರು 105ರಿಂದ 120. ಅರೆಬರೆ.
- ಹುಚ್ಚೆಳ್ಳೆಣ್ಣೆ: ಸುಮಾರು 110ರಿಂದ 135. ನಿಧಾನವಾಗಿ, ಅಂಟಂಟಾಗಿ ಗಟ್ಟಿಯಾಗುತ್ತದೆ.
- ಅಗಸೆ ಎಣ್ಣೆ: ಸುಮಾರು 170ರಿಂದ 200. ಚೆನ್ನಾಗಿ ಗಟ್ಟಿಯಾಗುತ್ತದೆ.

ತುಮಕೂರು ಜಿಲ್ಲೆಯೆಂದರೆ ತೆಂಗಿನ ಸೀಮೆ. ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ, ಆದ್ದರಿಂದ ಕೈಗೆ ಮೊದಲು ಸಿಗುವುದೂ ಅದೇ. ಆದರೆ ಮೇಲಿನ ಪಟ್ಟಿಯಲ್ಲಿ ಅದರ ಜಾಗ ನೋಡಿ. ಕೊಬ್ಬರಿ ಎಣ್ಣೆಯ ಬಹುಪಾಲು ಕೊಬ್ಬು ಪರ್ಯಾಪ್ತ, ಕೊಂಡಿ ಹಾಕಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಅದೇ ಗುಣದಿಂದ ಅದು ಬೇಗ ಕಮಟಾಗುವುದಿಲ್ಲ ಎಂಬುದೂ ನಿಜ. ತಲೆಗೆ, ಅಡುಗೆಗೆ ಒಳ್ಳೆಯದಾದ ಗುಣ ಬಾಗಿಲಿಗೆ ಒಳ್ಳೆಯದಾಗಬೇಕಿಲ್ಲ.

ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕುವ ಹುಚ್ಚೆಳ್ಳಿನ ಎಣ್ಣೆ ಈ ಪಟ್ಟಿಯಲ್ಲಿ ಮೇಲಿದೆ. ಹುಚ್ಚೆಳ್ಳೆಣ್ಣೆಯ ಡಬ್ಬದ ಬಾಯಿಯ ಸುತ್ತ ಅಂಟಂಟಾದ ಹಳದಿ ಪೊರೆ ಕಟ್ಟಿದ್ದನ್ನು ನೋಡಿದ್ದರೆ ಅದು ಇದೇ ಕ್ರಿಯೆ. ಆದರೂ ಬಾಗಿಲಿಗೆ ಬಳಸುವಷ್ಟು ಬೇಗ ಅದು ಗಟ್ಟಿಯಾಗುವುದಿಲ್ಲ. ವಾರಗಟ್ಟಲೆ ಕೈಗೆ ಅಂಟುತ್ತದೆ.

ಹಿಂದಿನವರಿಗೆ ಈ ವ್ಯತ್ಯಾಸ ಗೊತ್ತಿತ್ತು. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಗೆ ಹರಳೆಣ್ಣೆ ಬಳಸುತ್ತಿದ್ದರು. ಅಚ್ಚಿನಲ್ಲಿ ಎಣ್ಣೆ ಒಣಗಬಾರದು, ಜಾರುತ್ತಲೇ ಇರಬೇಕು. ಬಾಗಿಲಿನ ವಿಷಯದಲ್ಲಿ ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ನೀವೇ ಪರೀಕ್ಷೆ ಮಾಡಿ ನೋಡಿ

ಹಳೆ ಗಾಜಿನ ತುಂಡು ಅಥವಾ ಸ್ಟೀಲ್ ತಟ್ಟೆಯ ಮೇಲೆ ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು, ಅಗಸೆ ಎಣ್ಣೆಯ ಒಂದೊಂದು ಹನಿ ಹಾಕಿ ಬೆರಳಿನಿಂದ ತೆಳ್ಳಗೆ ಸವರಿ. ಹೆಸರು ಬರೆದು, ಗಾಳಿ ಬೆಳಕು ಬರುವ ಕಿಟಕಿಯ ಬಳಿ ಇಡಿ. ದಿನಕ್ಕೊಮ್ಮೆ ಮುಟ್ಟಿ ನೋಡಿ. ಅಗಸೆ ಎಣ್ಣೆ ಕೆಲ ದಿನಗಳಲ್ಲಿ ಅಂಟಾಗಿ, ಆಮೇಲೆ ಪೊರೆ ಕಟ್ಟುತ್ತದೆ. ಹುಚ್ಚೆಳ್ಳು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಕೊಬ್ಬರಿ ಎಣ್ಣೆ ತಿಂಗಳು ಕಳೆದರೂ ಎಣ್ಣೆಯಾಗಿಯೇ ಇರುತ್ತದೆ. ಫಾರ್ವರ್ಡ್ ಕಳಿಸಿದವರಿಗೆ ಉತ್ತರವಾಗಿ ಈ ತಟ್ಟೆಯ ಫೋಟೊ ಕಳಿಸಿದರೆ ಸಾಕು.

"ನಮ್ಮ ತಾತನ ಮನೆ ಕಂಬ ನೂರು ವರ್ಷ ನಿಂತಿದೆಯಲ್ಲ?"

ನಿಂತಿದೆ, ನಿಜ. ಆದರೆ ಅದಕ್ಕೆ ಕಾರಣ ಎಣ್ಣೆಯಲ್ಲ. ಹಳೆ ಮನೆಗಳ ಕಂಬವನ್ನು ಒಮ್ಮೆ ಬುಡದಿಂದ ತುದಿಯವರೆಗೆ ನೋಡಿ.

ಮೊದಲನೆಯದು, ಮರದ ಆಯ್ಕೆ. ಚೇಗು ಬಲಿತ ಹಲಸು, ಹೊನ್ನೆ, ತೇಗ, ಬೇವಿನ ಮರವನ್ನು ಆರಿಸಿ, ತೊಗಟೆ ಪಕ್ಕದ ಬಿಳಿ ಭಾಗವನ್ನು ಕೆತ್ತಿ ತೆಗೆಯುತ್ತಿದ್ದರು. ಚೇಗಿನಲ್ಲಿ ಮರ ತಾನೇ ತುಂಬಿಟ್ಟ ರಾಸಾಯನಿಕಗಳಿರುತ್ತವೆ, ಹುಳುವಿಗೆ ಅದು ರುಚಿಸುವುದಿಲ್ಲ. ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಕುಟ್ಟೆ ಹಿಡಿಯುವುದು ಅಲ್ಲಿ.

ಎರಡನೆಯದು, ಕಂಬದ ಕೆಳಗಿನ ಕಲ್ಲು. ತೊಟ್ಟಿಯ ಸುತ್ತಲಿನ ಕಂಬಗಳು ನೇರವಾಗಿ ನೆಲಕ್ಕೆ ಇಳಿಯುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿರುತ್ತವೆ. ಗೆದ್ದಲಿಗೆ ಮಣ್ಣಿನ ಸಂಪರ್ಕ ಬೇಕು, ತೇವ ಬೇಕು. ಕಲ್ಲು ಎರಡನ್ನೂ ತಪ್ಪಿಸುತ್ತದೆ. ಗೆದ್ದಲು ಹತ್ತಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡೇ ಬರಬೇಕು, ಅದು ಕಣ್ಣಿಗೆ ಬೀಳುತ್ತದೆ.

ಮೂರನೆಯದು, ಸೂರು. ಮುಂದಕ್ಕೆ ಚಾಚಿದ ಮಾಡಿನಿಂದ ಮಳೆ ನೀರು ಕಂಬಕ್ಕೆ ತಾಗುತ್ತಿರಲಿಲ್ಲ. ಸೌದೆ ಒಲೆಯ ಹೊಗೆ, ಬಿಸಿ ಮೇಲಿನ ತೊಲೆಗಳನ್ನು ಒಣಗಿಸಿ ಇಡುತ್ತಿತ್ತು.

ಇನ್ನೊಂದು ಮಾತು. ಕೊಳೆತು ಬಿದ್ದ ಕಂಬಗಳು ಇಂದು ನಮ್ಮ ಕಣ್ಣಮುಂದೆ ಇಲ್ಲ. ಉಳಿದದ್ದನ್ನು ಮಾತ್ರ ನೋಡಿ 'ಆ ಕಾಲದ ಮರವೇ ಹಾಗೆ' ಎನ್ನುತ್ತೇವೆ.

ಆದ್ದರಿಂದ ಹಳೆ ಮನೆ ಉಳಿಸುವವರು ಎಣ್ಣೆ ಡಬ್ಬ ತೆರೆಯುವ ಮುಂಚೆ ಸೋರುವ ಹೆಂಚನ್ನು ಸರಿ ಮಾಡಿಸಿ. ಕಂಬದ ಬುಡಕ್ಕೆ ಹೊಸದಾಗಿ ಸಿಮೆಂಟ್ ಗಿಲಾವು ಮಾಡಿಸಿದ್ದರೆ, ನೆಲದ ಟೈಲ್ಸ್ ಕಲ್ಲಿನ ಪೀಠವನ್ನು ಮುಚ್ಚಿದ್ದರೆ, ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸಿಲಿನದೂ ಇದೇ ಕಥೆ. ದಿನಾ ನೀರು ಹಾಕಿ ತೊಳೆದು ಅರಿಶಿನ ಕುಂಕುಮ ಇಡುವ ಹೊಸಿಲಿನ ಎರಡು ಮೂಲೆಗಳಲ್ಲಿ ನೀರು ನಿಲ್ಲುತ್ತದೆ. ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸುವ ಅಭ್ಯಾಸ ಯಾವ ಎಣ್ಣೆಗಿಂತಲೂ ಹೆಚ್ಚು ಕಾಲ ಹೊಸಿಲನ್ನು ಕಾಯುತ್ತದೆ.

ಹಾಗಾದರೆ ಗೆದ್ದಲಿಗೆ ಏನು ಮಾಡುವುದು?

ಬೇವಿನ ಎಣ್ಣೆಯಲ್ಲಿ ಕೀಟಗಳನ್ನು ದೂರವಿಡುವ ಅಂಶ ಇದೆ ಎಂಬುದು ನಿಜ. ಆದರೆ ಬಿಸಿಲು ಬೆಳಕಿಗೆ ಅದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕಾಯುವ ಗುಣ ಅದಕ್ಕಿಲ್ಲ. ಕರಾವಳಿಯಲ್ಲಿ ದೋಣಿ, ಮರಮುಟ್ಟಿಗೆ ಬಳಸುವ ಗೇರು ಎಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹೆಚ್ಚು ಗಟ್ಟಿಗ. ಆದರೆ ಅದು ಚರ್ಮಕ್ಕೆ ತಾಗಿದರೆ ಸುಟ್ಟ ಗಾಯದಂತೆ ಬೊಬ್ಬೆ ಬರುತ್ತದೆ. ಮನೆಯಲ್ಲಿ ಬರಿಗೈಯಲ್ಲಿ ಹಚ್ಚುವ ವಸ್ತು ಅದಲ್ಲ.

ಒಳಮನೆಯ ಮರಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಸುವ ಪದ್ಧತಿ ಇದೆ. ಅದು ನೀರಿನಲ್ಲಿ ಕರಗುವುದರಿಂದ ಮಳೆಗೆ ಸಿಗುವ ಕಡೆ ತೊಳೆದುಹೋಗುತ್ತದೆ. ದ್ರಾವಣ ಹಚ್ಚಿ, ಮರ ಪೂರ್ತಿ ಒಣಗಿದ ಮೇಲೆ ಎಣ್ಣೆ ಹಚ್ಚಬೇಕು. ಮೊದಲೇ ಎಣ್ಣೆ ಕುಡಿಸಿದರೆ ದ್ರಾವಣ ಒಳಗೆ ಇಳಿಯುವುದಿಲ್ಲ.

ಕಂಬ, ಸ್ಲೀಪರ್‌ಗಳಿಗೆ ಜಗತ್ತಿನಾದ್ಯಂತ ಬಳಸಿದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣ ಹುಟ್ಟಿದ್ದು ನಮ್ಮ ದೇಶದಲ್ಲೇ. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅದನ್ನು ರೂಪಿಸಿದರು. ಆರ್ಸೆನಿಕ್ ಇರುವ ಕಾರಣ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಹಸಿರು ಛಾಯೆಯ ಹಳೆ ಕಂಬದ ತುಂಡು ಸಿಕ್ಕರೆ ಒಲೆಗೆ ಹಾಕಬೇಡಿ. ಅದರ ಬೂದಿ, ಹೊಗೆ ಎರಡೂ ವಿಷ.

ಮಣ್ಣಿನ ಸುರಂಗ ಈಗಾಗಲೇ ಕಾಣುತ್ತಿದ್ದರೆ ಅದು ಎಣ್ಣೆಯಿಂದ ಬಗೆಹರಿಯುವ ವಿಷಯವಲ್ಲ. ತೇವದ ಮೂಲ ಹುಡುಕಿ, ನುರಿತವರಿಂದ ನೆಲಕ್ಕೆ ಚಿಕಿತ್ಸೆ ಮಾಡಿಸಿ.

ವೇಸ್ಟ್ ಆಯಿಲ್ ಯಾಕೆ ಬೇಡ?

ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುತ್ತದೆ, ಕಪ್ಪಗೆ ಬಣ್ಣ ಹಿಡಿಯುತ್ತದೆ, ಬೇಲಿ ಗೂಟಕ್ಕೆ ಹಚ್ಚಿ ಅಭ್ಯಾಸವಿದೆ. ಆದರೆ ಎಂಜಿನ್ನಿನಲ್ಲಿ ಸುಟ್ಟ ಆಯಿಲ್‌ನಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳೂ ಸೇರಿರುತ್ತವೆ. ಅದು ಎಂದಿಗೂ ಗಟ್ಟಿಯಾಗುವುದಿಲ್ಲ. ಒರಗಿ ಕೂತವರ ಬಟ್ಟೆಗೆ, ಬಾಗಿಲು ಹಿಡಿದು ಆಡುವ ಮಕ್ಕಳ ಕೈಗೆ, ಕೊಟ್ಟಿಗೆಯಲ್ಲಾದರೆ ಗೂಟ ನೆಕ್ಕುವ ದನದ ನಾಲಿಗೆಗೆ ಅಂಟುತ್ತದೆ. ಮಳೆಗೆ ತೊಳೆದು ಬಾವಿ, ಬೋರ್‌ವೆಲ್ ಪಕ್ಕದ ಮಣ್ಣು ಸೇರುತ್ತದೆ. ಒಮ್ಮೆ ಹಚ್ಚಿದ ಮರಕ್ಕೆ ಆಮೇಲೆ ಯಾವ ಪಾಲಿಶೂ ಸರಿಯಾಗಿ ಹಿಡಿಯುವುದಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು?

ಹಾರ್ಡ್‌ವೇರ್ ಅಂಗಡಿಯಲ್ಲಿ 'ಲಿನ್ಸೀಡ್ ಆಯಿಲ್' ಎಂದರೆ ಅಗಸೆ ಎಣ್ಣೆಯೇ. ಎರಡು ಬಗೆ ಸಿಗುತ್ತದೆ.

*ರಾ ಲಿನ್ಸೀಡ್ ಆಯಿಲ್:* ಏನೂ ಬೆರೆಸದ ಎಣ್ಣೆ. ಒಳಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಒಣಗಲು ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಕುಡಿಸುವ ಹುಡುಗರು ಬಳಸುವುದು ಇದನ್ನೇ.

*ಬಾಯ್ಲ್ಡ್ ಅಥವಾ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್:* ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿದ್ದು. ಬಾಗಿಲು, ಕಂಬ, ಕಿಟಕಿಗೆ ಇದು ಅನುಕೂಲ. ಆದರೆ ಆಹಾರ ತಾಗುವ ಪಾತ್ರೆ, ಮಣೆಗಳಿಗೆ ಮತ್ತು ಮಕ್ಕಳ ಆಟಿಕೆಗೆ ಬೇಡ.

'ಬಾಯ್ಲ್ಡ್' ಎಂಬ ಹೆಸರು ನೋಡಿ ರಾ ಎಣ್ಣೆ ತಂದು ಒಲೆಯ ಮೇಲೆ ಕುದಿಸಲು ಹೋಗಬೇಡಿ. ಕಾದ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಿ ಆರಿಸಲಾಗದು, ಇನ್ನಷ್ಟು ಸಿಡಿಯುತ್ತದೆ. ಮನೆಯಲ್ಲಿ ಕುದಿಸಿದ ಎಣ್ಣೆ ಅಂಗಡಿಯ ಬಾಯ್ಲ್ಡ್ ಎಣ್ಣೆಯಂತೆ ಆಗುವುದೂ ಇಲ್ಲ.

ಹಚ್ಚುವ ಕ್ರಮ

*ಕಾಲ ನೋಡಿ.* ನಮ್ಮ ಸೀಮೆಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಯುಗಾದಿಯವರೆಗಿನ ಒಣ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಮರದೊಳಗೆ ತೇವ ಇರುತ್ತದೆ, ಎಣ್ಣೆ ಒಣಗುವುದೂ ನಿಧಾನ, ಅಂಟಿನ ಮೇಲೆ ಬೂಷ್ಟು ಬರುತ್ತದೆ.

*ಮರ ಒಣಗಿರಲಿ.* ಹಸಿ ಮರಕ್ಕೆ ಎಣ್ಣೆ ಹಚ್ಚಿದರೆ ಪ್ರಯೋಜನವಿಲ್ಲ. ಹೊಸದಾಗಿ ಕೊಯ್ಸಿದ ಮರದಲ್ಲಿ ತೇವ ಅದರ ಒಣ ತೂಕದ 30 ಶೇಕಡಕ್ಕಿಂತ ಹೆಚ್ಚಿರುತ್ತದೆ. ಬಾಗಿಲು ಕಿಟಕಿ ಮಾಡಲು ಅದು 12 ಶೇಕಡದ ಆಸುಪಾಸಿಗೆ ಇಳಿಯಬೇಕು. ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಅಟ್ಟಿ ಹಾಕಿ ತಿಂಗಳುಗಟ್ಟಲೆ ಒಣಗಿಸುವುದು ಅದಕ್ಕೇ.

*ಹಳೆ ಬಣ್ಣದ ಎಚ್ಚರ.* ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಉಜ್ಜಿದರೆ ಆ ಧೂಳು ಮಕ್ಕಳ ಮೆದುಳಿಗೆ, ಬಸುರಿಯರಿಗೆ ಹಾನಿಕರ. ಮೇಲ್ಮೈ ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ, ಪುಡಿಯನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಮರ ಪೂರ್ತಿ ಒಣಗಲು ಬಿಡಿ.

*ಉಜ್ಜುವುದು.* ಉಪ್ಪು ಕಾಗದ ತರುವಾಗ 80, 120, 180ರ ನಂಬರಿನವು ತನ್ನಿ. ಸಂಖ್ಯೆ ಹೆಚ್ಚಾದಷ್ಟೂ ನಯ. ಒರಟಿನಿಂದ ನಯದ ಕಡೆಗೆ, ಮರದ ಗೆರೆಯ ಉದ್ದಕ್ಕೆ ಉಜ್ಜಿ. ಅಡ್ಡಡ್ಡ ಉಜ್ಜಿದ ಗೀರು ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಎಣ್ಣೆಗೆ 180 ಅಥವಾ 220 ಸಾಕು. ಅದಕ್ಕೂ ನಯ ಮಾಡಿದರೆ ಮರ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.

*ತೇಗವಾದರೆ* ಅದರಲ್ಲೇ ಎಣ್ಣೆಯಂಶ ಇರುತ್ತದೆ. ಟರ್ಪೆಂಟೈನ್ ಸೋಕಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ ಆರಿದ ಮೇಲೆ ಹಚ್ಚಿ.

*ಮೊದಲ ಕೈ* ತೆಳ್ಳಗಿರಲಿ. ಎಣ್ಣೆ ಮತ್ತು ಟರ್ಪೆಂಟೈನ್ ಸಮಸಮ ಬೆರೆಸಿ ಬ್ರಷ್ ಅಥವಾ ಬಟ್ಟೆಯಿಂದ ಹಚ್ಚಿ. ಕೊಯ್ದ ತುದಿಗಳಿಗೆ, ಬಾಗಿಲಿನ ಕೆಳ ಅಂಚಿಗೆ ಕುಡಿಯುವಷ್ಟೂ ಕೊಡಿ. ಕಿಟಕಿ ಬಾಗಿಲು ತೆರೆದಿರಲಿ. ಹತ್ತಿರದಲ್ಲಿ ದೀಪ, ಊದಿನಕಡ್ಡಿ, ಬೀಡಿ ಏನೂ ಬೇಡ.

*ಒರೆಸುವುದು ಮರೆಯಬೇಡಿ.* ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮರ ಕುಡಿದದ್ದು ಮಾತ್ರ ಉಳಿಯಬೇಕು. 'ಎಣ್ಣೆ ಹಚ್ಚಿದೆ, ತಿಂಗಳಾದರೂ ಅಂಟು ಹೋಗಿಲ್ಲ' ಎನ್ನುವವರು ಸಾಮಾನ್ಯವಾಗಿ ಬಿಟ್ಟದ್ದು ಈ ಹೆಜ್ಜೆಯನ್ನೇ. ಹಾಗಾಗಿದ್ದರೆ ಟರ್ಪೆಂಟೈನ್ ಸೋಕಿಸಿದ ಬಟ್ಟೆಯಲ್ಲಿ ಉಜ್ಜಿ ತೆಗೆದು ಮತ್ತೆ ಆರಲು ಬಿಡಿ.

*ಎರಡನೇ, ಮೂರನೇ ಕೈ.* ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ ಮುಂದಿನ ಕೈ ಹಚ್ಚಿ. ಬಾಯ್ಲ್ಡ್ ಎಣ್ಣೆಗೆ ಒಂದೆರಡು ದಿನ, ರಾ ಎಣ್ಣೆಗೆ ವಾರ ಅಥವಾ ಹೆಚ್ಚು. ಎರಡು ಮೂರು ಕೈ ಸಾಕು. ಪೂರ್ತಿ ಗಟ್ಟಿಯಾಗಲು ಕೆಲ ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ನೀರು ತಾಗಿಸಬೇಡಿ.

ಅಗಸೆ ಎಣ್ಣೆ ಮರದ ಬಣ್ಣವನ್ನು ಗಾಢ ಮಾಡುತ್ತದೆ, ವರ್ಷಗಳು ಕಳೆದಂತೆ ಇನ್ನೂ ಹಳದಿ ಕಂದು ತಿರುಗುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಬಿಸಿಲು ಮಳೆಗೆ ಸಿಗುವ ಬಾಗಿಲಿಗೆ ವರ್ಷಕ್ಕೊಮ್ಮೆ ಒಂದು ತೆಳು ಕೈ ಬೇಕಾಗುತ್ತದೆ. ಒಳಮನೆಯ ಕಂಬ ಕೆಲ ವರ್ಷ ತಡೆಯುತ್ತದೆ.

ಫಾರ್ವರ್ಡ್ ಹೇಳದ ಮಾತು: ಬಟ್ಟೆಗೆ ತಾನಾಗಿ ಬೆಂಕಿ

ಅಗಸೆ ಎಣ್ಣೆ ಆಮ್ಲಜನಕ ಹೀರಿಕೊಳ್ಳುವಾಗ ಶಾಖ ಹೊರಬರುತ್ತದೆ. ಬಾಗಿಲಿನ ಮೇಲೆ ತೆಳ್ಳಗೆ ಇದ್ದಾಗ ಆ ಶಾಖ ಗಾಳಿಗೆ ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಎಣ್ಣೆಯಲ್ಲಿ ನೆಂದ ಬಟ್ಟೆ, ಬನಿಯನ್ ವೇಸ್ಟನ್ನು ಮುದುರಿ ಮೂಲೆಗೆ ಎಸೆದಾಗ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಯಾದಷ್ಟೂ ಕ್ರಿಯೆ ಚುರುಕಾಗುತ್ತದೆ, ಕ್ರಿಯೆ ಚುರುಕಾದಷ್ಟೂ ಇನ್ನೂ ಬಿಸಿ. ಕೆಲವು ಗಂಟೆಗಳಲ್ಲಿ ಹೊಗೆಯಾಡಿ ಹೊತ್ತಿಕೊಳ್ಳಬಹುದು. ಅಷ್ಟರಲ್ಲಿ ಕೆಲಸದವರು ಮನೆಗೆ ಹೋಗಿರುತ್ತಾರೆ, ಮನೆಯವರು ಮಲಗಿರುತ್ತಾರೆ.

ಇದು ಕಟ್ಟುಕಥೆಯಲ್ಲ. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಎದ್ದಿತು. ಗೋಡೆಯ ಮರದ ಹಲಗೆಗಳನ್ನು ಸರಿಪಡಿಸಲು ಬಳಸಿದ್ದ ಅಗಸೆ ಎಣ್ಣೆಯ ಬಟ್ಟೆಗಳು ತಾವಾಗಿ ಹೊತ್ತಿಕೊಂಡದ್ದೇ ಕಾರಣ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಮೇಲೇರುತ್ತಿದ್ದ ಬೆಂಕಿ ನಿಂತದ್ದು ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳಿದ್ದ 30ನೇ ಮಹಡಿಯಲ್ಲಿ. ಆ ಕಟ್ಟಡವನ್ನು ಮತ್ತೆ ಬಳಸಲಾಗಲಿಲ್ಲ, ಕೊನೆಗೆ ಕೆಡವಿದರು.

ನಮ್ಮ ಹಳ್ಳಿ ಮನೆಗಳಲ್ಲಿ ಅಪಾಯ ಇನ್ನೂ ಹತ್ತಿರ. ಬಟ್ಟೆ ಎಸೆಯುವ ಜಾಗದ ಪಕ್ಕದಲ್ಲೇ ಹುಲ್ಲಿನ ಮೆದೆ, ತೆಂಗಿನ ಸಿಪ್ಪೆಯ ರಾಶಿ, ಸೌದೆ, ಮರದ ಹೊಟ್ಟು ಇರುತ್ತದೆ. ಆದ್ದರಿಂದ:

- ಬಳಸಿದ ಪ್ರತಿ ಬಟ್ಟೆಯನ್ನೂ ಹೊರಗೆ, ನೆರಳಿನಲ್ಲಿ, ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ತಂತಿಯ ಮೇಲೆ ಅಥವಾ ಕಲ್ಲು ಚಪ್ಪಡಿಯ ಮೇಲೆ ಹರಡಿ. ಪೂರ್ತಿ ಸೆಟೆದು ಗಟ್ಟಿಯಾದ ಮೇಲೆ ಕಸಕ್ಕೆ ಹಾಕಬಹುದು.
- ಹರಡಲು ಜಾಗವಿಲ್ಲದಿದ್ದರೆ ತಗಡಿನ ಡಬ್ಬದಲ್ಲಿ ನೀರು ತುಂಬಿ ಅದರಲ್ಲಿ ಪೂರ್ತಿ ಮುಳುಗಿಸಿ ಮುಚ್ಚಳ ಹಾಕಿ.
- ಪ್ಲಾಸ್ಟಿಕ್ ಚೀಲ, ಗೋಣಿಚೀಲ, ಹೊಟ್ಟಿನ ರಾಶಿಗೆ ತುರುಕಬೇಡಿ. ಎಣ್ಣೆ ಚೆಲ್ಲಿದ ಹೊಟ್ಟಿಗೂ ಇದೇ ನಿಯಮ.
- ಬಡಗಿಯವರನ್ನು ಕರೆಸಿ ಮಾಡಿಸಿದ್ದರೆ ಸಂಜೆ ಅವರು ಹೊರಡುವ ಮುಂಚೆ "ಬಟ್ಟೆ ಎಲ್ಲಿ ಹಾಕಿದ್ರಿ?" ಎಂದು ಒಂದು ಮಾತು ಕೇಳಿ.

ಹೊಗೆ ವಾಸನೆ ಬಂದು ಬೆಂಕಿ ಕಂಡರೆ ಮನೆಯವರನ್ನು ಹೊರಗೆ ಕಳಿಸಿ 101 ಅಥವಾ 112ಕ್ಕೆ ಕರೆ ಮಾಡಿ.

ಅಡುಗೆಮನೆಯ ಮರಕ್ಕೆ ಏನು?

ಮುದ್ದೆ ಕೋಲು, ಲಟ್ಟಣಿಗೆ, ಚಪಾತಿ ಮಣೆ, ಚಕ್ಕುಲಿ ಒರಳು, ತರಕಾರಿ ಹಲಗೆ ಇವುಗಳ ನಿಯಮ ಬೇರೆ. ಇಲ್ಲಿ ಬಾಯ್ಲ್ಡ್ ಲಿನ್ಸೀಡ್, ವಾರ್ನಿಶ್ ಎರಡೂ ಬೇಡ.

ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತರಕಾರಿ ಹಲಗೆ, ಮಣೆಗೆ ಸರಿ. ಅದು ಒಣಗುವುದಿಲ್ಲ, ಆದರೆ ಕಮಟೂ ಆಗುವುದಿಲ್ಲ. ಸ್ವಲ್ಪ ಜೇನುಮೇಣ ಕರಗಿಸಿ ಬೆರೆಸಿದರೆ ಇನ್ನೂ ಕೆಲ ದಿನ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಗೂ ಇಲ್ಲಿ ಜಾಗವಿದೆ. ಚಕ್ಕುಲಿ ಒರಳಿಗೆ ಕೊಬ್ಬರಿ ಎಣ್ಣೆ ಸವರುವ ಅಜ್ಜಿಯರ ಪದ್ಧತಿಯಲ್ಲಿ ತಪ್ಪಿಲ್ಲ. ಆಗಾಗ ಹಚ್ಚಿ ಒರೆಸಿ ಬಳಸುವ ವಸ್ತುವಿಗೆ ಅದು ಸಾಕು. ಅದನ್ನು 'ನೂರು ವರ್ಷದ ಪಾಲಿಶ್' ಎಂದು ಕರೆದಾಗ ಮಾತ್ರ ತಪ್ಪಾಗುತ್ತದೆ.

ಮುದ್ದೆ ಕೋಲು ದಿನಾ ಕುದಿಯುವ ಹಿಟ್ಟಿನಲ್ಲಿ ಕೆಲಸ ಮಾಡುತ್ತದೆ, ಯಾವ ಎಣ್ಣೆಯೂ ಅದರ ಮೇಲೆ ಉಳಿಯುವುದಿಲ್ಲ. ಅದನ್ನು ನೀರಿನಲ್ಲಿ ನೆನೆಹಾಕದೆ, ಬೇಗ ತೊಳೆದು, ನಿಲ್ಲಿಸಿ ಗಾಳಿಗೆ ಒಣಗಿಸಿ. ಬಿರುಕು ಬಿಟ್ಟು ಅದರೊಳಗೆ ಕಪ್ಪು ಬೂಷ್ಟು ಕೂತಿದ್ದರೆ ಎಣ್ಣೆ ಹಚ್ಚಿ ಮುಚ್ಚಬೇಡಿ, ಹೊಸ ಕೋಲು ತನ್ನಿ.

ನಮ್ಮ ತೀರ್ಮಾನ

ಆ ಸಂದೇಶದಲ್ಲಿ ಅರ್ಧ ಸತ್ಯ ಇದೆ: ಎಣ್ಣೆ ಮರಕ್ಕೆ ಒಳ್ಳೆಯದು. ಉಳಿದರ್ಧ ತಪ್ಪು. ಕೊಬ್ಬರಿ ಎಣ್ಣೆ ಮೆರುಗಾಗಿ ನಿಲ್ಲುವುದಿಲ್ಲ, ಗೆದ್ದಲನ್ನು ತಡೆಯುವುದೂ ಇಲ್ಲ. ಹುಲಿಯೂರುದುರ್ಗದ ಓದುಗರಿಗೆ ನಮ್ಮ ಉತ್ತರ ಇಷ್ಟು. ಮೊದಲು ಹೆಂಚು, ಆಮೇಲೆ ಕಂಬದ ಬುಡದ ತೇವ, ಆಮೇಲೆ ಹಳೆ ಬಣ್ಣ, ಕೊನೆಗೆ ಅಗಸೆ ಎಣ್ಣೆ. ಯುಗಾದಿಗೆ ಮುಂಚೆ ಮೂರು ತೆಳು ಕೈ ಹಚ್ಚಿ, ಪ್ರತಿ ಸಲವೂ ಒರೆಸಿದರೆ ತಾತನ ಕಂಬದ ಗೆರೆಗಳು ಮತ್ತೆ ಕಾಣುತ್ತವೆ.

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ಹರಡಿ ಒಣಗಿಸಿ.